ಎಡಗಡೆಯ ಮೋಟರ್

ಪುಣೆಯ ನಾನಾ ಪೇಠದ ಹಿಂದಿನ ಗಲ್ಲಿಯಲ್ಲಿದ್ದ ಹೊಳಬಸಪ್ಪನ ಅಂಗಡಿಗೆ ಬರುವವರೆಲ್ಲ ಅವನ ಮಗ ಮಾಂತುವನ್ನು ಕೇಳಿಕೊಂಡು ಬರುತ್ತಿದ್ದರು. ಲೈಟು, ಹಾರ್ನು, ಮ್ಯೂಸಿಕ್ ಸಿಸ್ಟಮ್‌ನಿಂದ ಹಿಡಿದು ಸಿರಿವಂತರ ವಿದೇಶಿ ಕಾರುಗಳ ವೈರಿಂಗ್ ತನಕ ಎಲ್ಲವೂ ಅಲ್ಲಿ ಆಗುತ್ತಿತ್ತು. ಮಾಂತು ಗಿರಾಕಿಗಳ ಹೆಗಲ ಮೇಲೆ ಕೈ ಹಾಕಿ ಮರಾಠಿಯಲ್ಲಿ ನಗಿಸುತ್ತ ಮಾತಾಡುತ್ತಿದ್ದ, ಚಹಾ ತರಿಸುತ್ತಿದ್ದ, ಗಾಡಿ ಯಾವತ್ತು ಸಿಗುತ್ತದೆಂದು ಮಾತು ಕೊಡುತ್ತಿದ್ದ. ಆ ಮಾತು ಉಳಿಸಲು ಗಾಡಿಯೊಳಗೆ ಮಲಗಿ ವೈರು ಎಳೆಯುತ್ತಿದ್ದವಳು ಅವನ ತಂಗಿ ರಂಜನಾ.

ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ರಂಜನಾ ರಾಂಜಣಗಾಂವದ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತ ಕಾರುಗಳ ವೈರಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದಿದ್ದಳು. ಅಪ್ಪ ಹೊಳಬಸಪ್ಪನ ಮೊಣಕಾಲು ಕೆಟ್ಟು ಅವನು ಕುರ್ಚಿ ಬಿಟ್ಟು ಏಳುವುದೇ ಕಷ್ಟವಾದಾಗ, ಆ ಕೆಲಸ ಬಿಟ್ಟು ಅಂಗಡಿಗೆ ಬಂದಳು. ಜಮಖಂಡಿಯಿಂದ ಪುಣೆಗೆ ಬಂದು ಹೊಳಬಸಪ್ಪ ಕಟ್ಟಿದ ಅಂಗಡಿ ಅದು. ಮಗಳ ಕೆಲಸ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊರಗಿನವರ ಎದುರು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

ಆ ಬೇಸಿಗೆಯಲ್ಲಿ ಮಧುಕರ್ ತನ್ನ ಹಳದಿ ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದು ಬಿಟ್ಟ. ಮೈಸೂರಿನವನು, ಹಿಂಜೇವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಬಾಣೇರ್‌ನಲ್ಲಿ ಮನೆ. ಭಾನುವಾರಗಳಲ್ಲಿ ಗೆಳೆಯರ ಜೊತೆ ಖಾಸಗಿ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹುಚ್ಚು ಅವನಿಗೆ. ಈ ಸಲ ಹೊರದೇಶದಿಂದ ಒಂದು ರೆಕ್ಕೆ ತರಿಸಿದ್ದ. ಗಾಳಿ ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ ಎಂದು ಹಿಂಬದಿಗೆ ಕೂರಿಸುವ ರೆಕ್ಕೆ. ನಿಧಾನವಾಗಿ ಹೋಗುವಾಗ ಅದು ಡಿಕ್ಕಿಯ ಮೇಲೆ ಮಡಚಿಕೊಂಡಿರುತ್ತದೆ. ವೇಗ ಏರಿದಾಗ ಎಡಕ್ಕೊಂದು ಬಲಕ್ಕೊಂದು ಇರುವ ಮೋಟರ್‌ಗಳು ಅದನ್ನು ಮೇಲೆತ್ತುತ್ತವೆ. ಜೋರಾಗಿ ಬ್ರೇಕ್ ಒತ್ತಿದರೆ ಇನ್ನೂ ನೆಟ್ಟಗೆ ನಿಂತು ಗಾಳಿಗೆ ಅಡ್ಡವಾಗುತ್ತದೆ.

ರಂಜನಾ ಆ ಕೆಲಸವನ್ನು ಆಸೆಯಿಂದ ಮಾಡಿದಳು. ಬಾಗಿಲ ಕೆಳಗಿನ ಪಟ್ಟಿಯನ್ನೆಲ್ಲ ಬಿಚ್ಚಿ, ಮುಂದಿನ ಬ್ಯಾಟರಿಯಿಂದ ಹಿಂದಿನ ತನಕ ರೆಕ್ಕೆಗೆಂದೇ ಬೇರೆ ದಪ್ಪ ವೈರು ಎಳೆದು, ಫ್ಯೂಸು ರಿಲೇ ಹಾಕಿದಳು. ಸೈಲೆನ್ಸರಿನ ಕಾವು ತಾಗದ ಕಡೆ ವೈರು ತಿರುಗಿಸಿದಳು. ಎರಡು ಮೋಟರ್‌ಗಳೂ ಒಂದೇ ಸಮ ಏಳಬೇಕು. ಒಂದು ಎದ್ದು ಒಂದು ನಿಂತರೆ ರೆಕ್ಕೆ ತಿರುಚಿಕೊಂಡು ಗಾಡಿ ಅಡ್ಡ ಎಳೆಯುತ್ತದೆ. ಹಾಗಾಗದಂತೆ ಎರಡೂ ಕಡೆ ಸೆನ್ಸರ್ ಇದ್ದವು. ಒಂದು ಹಿಂದೆ ಬಿದ್ದಿದೆ ಎಂದು ಗೊತ್ತಾದರೆ ಕಂಟ್ರೋಲ್ ಬಾಕ್ಸು ಎರಡನ್ನೂ ನಿಲ್ಲಿಸಿ ಕೆಂಪು ದೀಪ ಹಚ್ಚುತ್ತಿತ್ತು. ಆ ಕಾವಲು ಸರಿಯಾಗಿ ನಡೆಯುವ ತನಕ ಅವಳು ಗಾಡಿಯನ್ನು ಬಿಡಲಿಲ್ಲ.

ನೋಡಲು ಬಂದ ಮಧುಕರ್ ರೆಕ್ಕೆ ಏಳುವುದನ್ನು ಕಂಡು ಮಾಂತುವಿನ ಕೈ ಕುಲುಕಿದ. "ಸೂಪರ್ ಮಾಂತು ಅವ್ರೇ. ಪುಣೆಲಿ ಇಷ್ಟು ಕ್ಲೀನಾಗಿ ಮಾಡೋರು ಯಾರೂ ಇಲ್ಲ."

"ನಿಮ್ಮ ಆಶೀರ್ವಾದರಿ," ಎಂದ ಮಾಂತು.

ಡಿಕ್ಕಿಯ ಹತ್ತಿರ ಕೂತು ಟೇಪು ಸುತ್ತುತ್ತಿದ್ದ ರಂಜನಾ ತಲೆ ಎತ್ತಿದಳು. ಮಧುಕರ್ ಅವಳಿಗೂ ಒಂದು ನಗೆ ಕೊಟ್ಟು, "ಅಣ್ಣಂಗೆ ಹೆಲ್ಪ್ ಮಾಡ್ತೀರಲ್ಲ, ಗ್ರೇಟ್," ಎಂದ. ಮಾಂತು ಚಹಾ ತರಲು ಹುಡುಗನನ್ನು ಕೂಗಿದ. ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಹೊಳಬಸಪ್ಪ ಪೇಪರಿನ ಪುಟ ತಿರುವಿದ. ರಂಜನಾ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಳು. ಇಂಥ ಮಾತು ಅವಳಿಗೆ ಹೊಸದಾಗಿರಲಿಲ್ಲ. ಪ್ರತಿ ಸಲವೂ ಎದೆಯಲ್ಲಿ ಬೆಂಕಿ ಬೀಳುತ್ತಿತ್ತು, ಪ್ರತಿ ಸಲವೂ ಅವಳು ಮುಂದಿನ ಗಾಡಿಯ ಕೆಳಗೆ ಹೋಗಿ ಮಲಗುತ್ತಿದ್ದಳು.

ಗಾಡಿ ಕೊಡುವ ಹಿಂದಿನ ದಿನ ಅವ್ವ ಪಾರವ್ವನನ್ನು ಕರೆದುಕೊಂಡು ಜೇಜುರಿಗೆ ಹೋಗಬೇಕಿತ್ತು. ಖಂಡೋಬಾ ಅವರ ಮನೆದೇವರು. ಅವ್ವನಿಗೆ ಮೆಟ್ಟಿಲು ಹತ್ತಿಸಿ, ಭಂಡಾರ ತೂರಿಸಿ, ಉಗುರಿನ ಸಂದಿಯೆಲ್ಲ ಅರಿಶಿಣ ಮಾಡಿಕೊಂಡು ಅವಳು ಸಂಜೆ ವಾಪಸು ಬರುವಷ್ಟರಲ್ಲಿ ಹಳದಿ ಕಾರು ಹೋಗಿಬಿಟ್ಟಿತ್ತು.

"ನಾಳೆ ಅಲ್ಲನು ಕೊಡೂದು?" ಎಂದು ಕೇಳಿದಳು.

"ಅವರಿಗೆ ಅರ್ಜೆಂಟ್ ಇತ್ತು. ಒಯ್ದರು," ಎಂದ ಮಾಂತು, ಅವಳತ್ತ ನೋಡದೆ.

ಮುಂದಿನ ಸೋಮವಾರ ಬೆಳಿಗ್ಗೆ ಮಧುಕರ್ ಅಂಗಡಿಗೆ ಬಂದಾಗ ಅವನ ಬಲಗೈಗೆ ಪಟ್ಟಿ ಸುತ್ತಿತ್ತು. ರಿಕ್ಷಾದಿಂದ ಇಳಿದವನು ಬಾಗಿಲಲ್ಲೇ ನಿಂತು ಕೂಗಾಡತೊಡಗಿದ. ಅಕ್ಕಪಕ್ಕದ ಟೈರು, ಸೀಟ್‌ಕವರು ಅಂಗಡಿಗಳವರು ಹೊರಗೆ ಬಂದು ನಿಂತರು. ಭಾನುವಾರ ಟ್ರ್ಯಾಕಿನಲ್ಲಿ ವೇಗವಾಗಿ ಬಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ರೆಕ್ಕೆಯ ಬಲಗಡೆ ಮಾತ್ರ ನೆಟ್ಟಗೆ ಎದ್ದಿದೆ. ಗಾಡಿ ಗರಗರ ತಿರುಗಿ ಮಣ್ಣಿಗೆ ನುಗ್ಗಿ ಟೈರುಗಳ ಗೋಡೆಗೆ ಬಡಿದಿದೆ. ಪಕ್ಕದಲ್ಲಿ ಅವನ ಹೆಂಡತಿ ರಂಜಿನಿ ಇದ್ದಳು. ಅವಳ ಭುಜದ ಹತ್ತಿರದ ಕಾಲರ್ ಎಲುಬು ಮುರಿದಿದೆ.

"ಏನ್ ವೈರಿಂಗ್ ಮಾಡಿದ್ದೀರ ನೀವು? ಸಾಯಿಸ್ಬಿಡ್ತಿದ್ರಲ್ಲ ನಮ್ಮನ್ನ. ನಮ್ಮ ಗ್ರೂಪಲ್ಲಿ ಅಷ್ಟೂ ಜನಕ್ಕೆ ನಿಮ್ಮ ಹೆಸ್ರು ನಾನೇ ಹೇಳಿದ್ದೆ ಮಾಂತು ಅವ್ರೇ."

ರಂಜನಾ ಆಗ ಒಂದು ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದಳು. ಹೊರಬರಲು ಕೈ ಊರಿದಾಗ ಅಣ್ಣನ ದನಿ ಕೇಳಿಸಿತು. ಮೆತ್ತಗಿನ, ನೊಂದುಕೊಂಡ ದನಿ.

"ಸರ್, ಖರೆ ಹೇಳತೀನ್ರಿ. ಆ ವೈರಿಂಗ್ ನಾ ಮಾಡಿದ್ದಲ್ಲ. ನನ್ನ ತಂಗಿ ಮಾಡ್ಯಾಳ."

ಒಂದು ಕ್ಷಣ ಅವಳಿಗೆ ತಾನು ಕೇಳಿದ್ದೇ ನಂಬಿಕೆಯಾಗಲಿಲ್ಲ. ಆ ಅಂಗಡಿಯಲ್ಲಿ ಅವಳ ಕೆಲಸವನ್ನು ಅವಳದೆಂದು ಯಾರಾದರೂ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

ಅವಳು ಎದ್ದು ಬಂದಳು. ಮಧುಕರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮತ್ತೆ ಮಾಂತುವಿಗೇ ಹೇಳಿದ: "ಅಂದ್ರೆ ನನ್ ಗಾಡಿನ ಇವ್ರ ಕೈಗೆ ಕೊಟ್ಟಿದ್ರಾ? ನಂಗ್ ಹೇಳ್ದೆ?"

"ನನ್ನ ಕೂಡ ಮಾತಾಡ್ರಿ," ಎಂದಳು ರಂಜನಾ. "ಹೌದು, ನಾನ ಮಾಡೀನಿ. ಮೊದಲಿಂದ ಕಡೀತನಕ. ಗಾಡಿ ಎಲ್ಲೈತಿ ಹೇಳ್ರಿ, ನಿಮ್ಮ ಎದುರಿಗೆ ಬಿಚ್ಚಿ ತೋರಸ್ತೀನಿ. ತಪ್ಪು ನಂದಿದ್ರ ನಂದು ಅಂತ ಹೇಳತೀನಿ."

"ನೀವಿನ್ನು ನನ್ ಗಾಡಿ ಮುಟ್ಟೋದ್ ಬೇಡ," ಎಂದು ಮಧುಕರ್ ಹೊರಟುಹೋದ.

ಮಾಂತುವೂ ಅವನ ಹಿಂದೆಯೇ ಹೋಗಿ, ಮಧ್ಯಾಹ್ನದವರೆಗೆ ಅಂಗಡಿಗೆ ಕಾಲಿಡಲಿಲ್ಲ.

ಮಧ್ಯಾಹ್ನ ಸದಾಶಿವ ಪೇಠದ ತಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೊಳಬಸಪ್ಪ ತಾನಾಗಿಯೇ ಮಾತು ತೆಗೆದ. ಮಾಂತು ಇನ್ನೂ ಬಂದಿರಲಿಲ್ಲ. ಪಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ರಂಜೂ, ಇದನ್ನ ಭಾಳ ಬೆಳಸಬ್ಯಾಡ. ತಪ್ಪಾತು ಅಂತ ಹೇಳಿ ಮುಗಿಸಿಬಿಡು."

"ಯಾರ ತಪ್ಪು?"

"ಯಾರದರ ಇರಲಿ. ಗಿರಾಕಿ ಎಲ್ಲಾ ಮಾಂತೂನ ಮಾರಿ ನೋಡಿ ಬರ್ತಾರ. ಅವನ ಹೆಸರು ಕೆಟ್ಟರ ಅಂಗಡಿ ಹೋತು. ನಿನ್ನ ಹೆಸರು ಯಾರಿಗೆ ಗೊತ್ತದ? ಕೆಟ್ಟರೂ ಏನು ಹೋಗ್ತದ?"

ರಂಜನಾ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. ಮಧುಕರ್ ಕೂಗಾಡಿದಾಗಲೂ, ಅಣ್ಣ ಅಂದಾಗಲೂ ಇಷ್ಟು ಉರಿದಿರಲಿಲ್ಲ. ಕಿವಿಯ ತುದಿಗಳು ಬಿಸಿಯಾದವು.

"ಯಾರಿಗೂ ಗೊತ್ತಿಲ್ಲ, ಯಾಕಂದ್ರ ನೀ ಯಾರಿಗೂ ಹೇಳಿಲ್ಲ ಅಪ್ಪಾ. ಅಲ್ಲೇ ಕುರ್ಚೇದಾಗ ಕುಂತು ನೋಡ್ತಿದ್ದಿ. ಆವತ್ತ ಅವರು ಅಣ್ಣನ ಕೈ ಕುಲುಕುವಾಗ ಪೇಪರ್ ಓದ್ತಿದ್ದಿ. ಒಬ್ಬ ಹೆಣ್ಮಗಳ ಎಲುಬು ಮುರದದ ಅಲ್ಲೆ. ನಾ ಮುರದೀನಿ ಅಂತ ಹೇಳಿ ಬಾ ಅಂತೀ ಏನು ನನಗ?"

"ಸಣ್ಣ ದನೀಲೆ ಮಾತಾಡು. ಮಂದಿ ಕೇಳ್ತಾರ."

"ಕೇಳಲಿ," ಎಂದು ಅವಳು ಎದ್ದಳು. ಪಾರವ್ವ ರೊಟ್ಟಿ ಹಂಚಿನ ಮೇಲೆ ಬಿಟ್ಟು ಗಂಡನನ್ನು ನೋಡಿದಳು. ರೊಟ್ಟಿ ಸೀದ ವಾಸನೆ ಬರುವ ತನಕ ನೋಡುತ್ತಲೇ ಇದ್ದಳು.

ಆ ಇಡೀ ದಿನ ರಂಜನಾ ತನ್ನ ಕೆಲಸವನ್ನು ಮನಸ್ಸಿನಲ್ಲೇ ಬಿಚ್ಚಿ ಬಿಚ್ಚಿ ನೋಡಿದಳು. ಎಲ್ಲಿ ಜೋಡಿಸಿದ್ದು ಸಡಿಲಾಗಿರಬಹುದು, ಎಲ್ಲಿ ವೈರು ಉಜ್ಜಿರಬಹುದು? ಒಂದು ಮೋಟರ್ ನಿಂತರೂ ಬಾಕ್ಸು ಇನ್ನೊಂದನ್ನು ನಿಲ್ಲಿಸಬೇಕಿತ್ತಲ್ಲ. ಅದು ಯಾಕೆ ನಿಲ್ಲಿಸಲಿಲ್ಲ? ತನ್ನದೇ ತಪ್ಪಿರಬಹುದೆಂಬ ಹೆದರಿಕೆ ನಡುನಡುವೆ ಹುಟ್ಟುತ್ತಿತ್ತು. ಆ ಹೆದರಿಕೆ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಮರುದಿನ ಬೆಳಿಗ್ಗೆ ಸ್ಕೂಟರಿನ ಮುಂದೆ ಸ್ಪ್ಯಾನರು, ಇಕ್ಕಳ ತುಂಬಿದ ಹತ್ಯಾರದ ಚೀಲ ಇಟ್ಟುಕೊಂಡು ಅವಳು ಬಾಣೇರ್‌ಗೆ ಹೋದಳು. ಮಧುಕರ್ ಮನೆಯ ಬಾಗಿಲು ತೆರೆದವಳು ಅವನ ಹೆಂಡತಿ ರಂಜಿನಿ. ಭುಜಕ್ಕೆ ಪಟ್ಟಿ ಬಿಗಿದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು.

"ಗಾಡಿಗೆ ವೈರಿಂಗ್ ಮಾಡಿದವಳು ನಾನ್ರಿ," ಎಂದಳು ರಂಜನಾ. "ನಿಮಗ ಪೆಟ್ಟಾಗೇದ. ಯಾಕಾತು ಅಂತ ನೋಡಬೇಕಾಗೇದ ನನಗ. ನಿಮ್ಮ ಯಜಮಾನರು ಬ್ಯಾಡ ಅಂದಾರ."

ಒಳಗಿನಿಂದ ಮಧುಕರ್ ಬಂದ. "ನಾನ್ ನಿನ್ನೆನೇ ಹೇಳಿದ್ನಲ್ಲ?"

"ಗಾಡಿಲಿ ಕೂತಿದ್ದು ನಾನೂ ತಾನೆ ಮಧು?" ಎಂದಳು ರಂಜಿನಿ. ದನಿ ಏರಿಸಲಿಲ್ಲ. "ನಂಗೂ ಗೊತ್ತಾಗ್ಬೇಕು. ಎರಡು ದಿನದಿಂದ ನೀನು ಫೋನಲ್ಲಿ ಎಲ್ರಿಗೂ ಬೈತಾ ಇದ್ದೀಯ, ಗ್ರೂಪಲ್ಲಿ ಯಾರೋ ಹುಡುಗಿ ಕೆಡಿಸಿದ್ಲು ಅಂತ ಬರೆದೂ ಆಯ್ತು. ಯಾಕಾಯ್ತು ಅಂತ ಒಬ್ರೂ ಡಿಕ್ಕಿ ತೆಗೆದು ನೋಡಿಲ್ಲ. ಬನ್ನಿ, ಗಾಡಿ ಬೇಸ್‌ಮೆಂಟಲ್ಲಿದೆ."

ಮುಂಭಾಗ ಜಜ್ಜಿಹೋಗಿದ್ದ ಕಾರು ಕಂಬದ ಪಕ್ಕ ನಿಂತಿತ್ತು. ರೆಕ್ಕೆ ಇನ್ನೂ ಒಂದು ಕಡೆ ಎದ್ದು ಒಂದು ಕಡೆ ಬಿದ್ದ ಹಾಗೆಯೇ ಇತ್ತು. ರಂಜನಾ ಬ್ಯಾಟರಿ ಕಳಚಿ, ಡಿಕ್ಕಿಯ ಒಳಪದರ ತೆಗೆದಳು. ಗಂಡಹೆಂಡತಿ ಇಬ್ಬರೂ ಪಕ್ಕದಲ್ಲಿ ನಿಂತರು. ತಾನು ಎಳೆದ ದಪ್ಪ ವೈರು ಬಿಟ್ಟಲ್ಲೇ ಇತ್ತು. ಫ್ಯೂಸು ಸರಿಯಿತ್ತು. ಎಡಗಡೆಯ ಮೋಟರ್‌ಗೆ ಹೋಗುವ ವೈರಿನ ಮೇಲೆ ಬೆಳಕು ಬಿಟ್ಟಾಗ ಅವಳ ಕೈ ನಿಂತಿತು.

ಅಲ್ಲಿ ಒಂದು ನೀಲಿ ಕ್ಲಿಪ್ಪು ಇತ್ತು. ವೈರನ್ನು ಕತ್ತರಿಸದೆ ಮೇಲಿನಿಂದ ಒತ್ತಿ, ಕರೆಂಟು ಕದಿಯುವ ಅಗ್ಗದ ಕ್ಲಿಪ್ಪು. ಅವಳು ಅದನ್ನು ಜನ್ಮದಲ್ಲಿ ಬಳಸಿರಲಿಲ್ಲ. ಕ್ಲಿಪ್ಪು ಕರಗಿ ಕಪ್ಪಾಗಿತ್ತು, ಒಳಗಿನ ತಾಮ್ರದ ಎಳೆಗಳು ಸುಟ್ಟು ತುಂಡಾಗಿದ್ದವು. ಅದರಿಂದ ಹೊರಟ ವೈರನ್ನು ಬೆರಳಿನಿಂದ ಹಿಡಿದುಕೊಂಡು ಹೋದಳು. ಅದು ಹಿಂದಿನ ಬಂಪರಿನ ಕೆಳಗೆ ಹೊಸದಾಗಿ ಕೂರಿಸಿದ್ದ ಒಂದು ಪಟ್ಟಿಗೆ, ಅದರ ಮೋಟರ್‌ಗೆ ಹೋಗಿತ್ತು.

"ಇದು ಏನು?" ಎಂದು ಕೇಳಿದಳು.

ಮಧುಕರ್ ಬಾಗಿ ನೋಡಿದ. "ಅದು ಫ್ಲಾಪ್. ಆಮೇಲೆ ಬಂತು ಪಾರ್ಸಲ್. ಬ್ರೇಕ್ ಹಾಕ್ದಾಗ ಕೆಳಗಿನ ಗಾಳಿನ ತಡೆಯತ್ತೆ. ಮಾಂತು ಅವ್ರು ಹಾಕ್ಕೊಟ್ರು. ಅವತ್ತು ನೀವು ಇರ್ಲಿಲ್ಲ."

"ಅವತ್ತೇ ಬೇಕು ಅಂತ ಕೂತಿದ್ದು ಯಾರು?" ಎಂದಳು ರಂಜಿನಿ.

ನಿಂತ ಗಾಡಿಯಲ್ಲಿ ಗಾಳಿಯ ಒತ್ತಡ ಇರುವುದಿಲ್ಲ. ಅಂಗಡಿಯಲ್ಲಿ ನೋಡಿದಾಗ ರೆಕ್ಕೆಯೂ ಫ್ಲಾಪೂ ಹೇಗೋ ಆಡಿರುತ್ತವೆ. ಟ್ರ್ಯಾಕಿನಲ್ಲಿ ಗಾಳಿಯ ವಿರುದ್ಧ ಎರಡೂ ಒಟ್ಟಿಗೆ ಎಳೆದಾಗ ಆ ಕ್ಲಿಪ್ಪು ತಡೆಯಲಿಲ್ಲ. ಇಷ್ಟು ಅವಳಿಗೆ ಅರ್ಥವಾಯಿತು. ಆದರೆ ಕಾವಲು? ಅವಳು ಬಾಕ್ಸಿನ ಮುಚ್ಚಳ ತೆಗೆದಳು. ಎಡಗಡೆಯ ಸೆನ್ಸರ್ ವೈರನ್ನು ಯಾರೋ ಕಿತ್ತು ಟೇಪು ಸುತ್ತಿ ಬದಿಗಿಟ್ಟಿದ್ದರು. ಬಲಗಡೆಯ ಸೆನ್ಸರ್ ವೈರನ್ನೇ ಸೀಳಿ ಎರಡೂ ಕಡೆ ಕೊಟ್ಟಿದ್ದರು. ಬಲಗಡೆ ಎದ್ದರೆ ಸಾಕು, ಎಡಗಡೆಯೂ ಎದ್ದಿದೆ ಎಂದೇ ಬಾಕ್ಸು ತಿಳಿಯುತ್ತಿತ್ತು.

ರಂಜನಾ ಹಿಂದಕ್ಕೆ ಕೂತಳು. ಕ್ಲಿಪ್ಪು ಹಾಕಿದ್ದು ಅವಸರ ಎನ್ನಬಹುದಿತ್ತು. ಇದು ಅವಸರವಲ್ಲ. ಫ್ಲಾಪು ಸೇರಿಸಿದ ಮೇಲೆ ಎಡಗಡೆಯ ಮೋಟರ್ ಸ್ವಲ್ಪ ಹಿಂದೆ ಬಿದ್ದು, ಕೆಂಪು ದೀಪ ಹತ್ತಿರಬೇಕು. ಏನೋ ಸರಿಯಿಲ್ಲ ಎಂದು ಬಾಕ್ಸು ಹೇಳಿದೆ. ಅಣ್ಣ ಅದರ ಬಾಯಿ ಮುಚ್ಚಿಸಿ ಗಾಡಿ ಕೊಟ್ಟು ಕಳಿಸಿದ್ದಾನೆ. ಆಮೇಲೆ ಬಾಗಿಲಲ್ಲಿ ನಿಂತು, ತಂಗಿ ಮಾಡ್ಯಾಳ ಅಂದಿದ್ದಾನೆ. ಗೊತ್ತಿದ್ದೂ ಅಂದಿದ್ದಾನೆ.

ಅವಳು ಫೋನು ತೆಗೆದು ಮಾಂತುವಿಗೆ ಹಚ್ಚಿದಳು. "ಬಾಣೇರ್‌ಕ ಬಾ. ಮಧುಕರ್ ಅವರ ಮನೀಗೆ. ಈಗ ಬಾ. ನೀ ಬರದಿದ್ರ ಈ ಗಾಡಿ ಇದ್ದಂಗ ಎತ್ತಿಸಿ ಅಂಗಡಿ ಮುಂದ ತಂದು ನಿಲ್ಲಸ್ತೀನಿ. ಗಲ್ಲಿ ಮಂದಿ ಎಲ್ಲಾ ನೋಡಲಿ."

ಮಾಂತು ಬಂದ. ತೆರೆದ ಡಿಕ್ಕಿಯನ್ನು ದೂರದಿಂದಲೇ ನೋಡಿ ಅವನ ನಡಿಗೆ ನಿಧಾನವಾಯಿತು. ಮಧುಕರ್‌ಗೆ ಕೈ ಮುಗಿದು, ತಂಗಿಯ ಹತ್ತಿರ ಬಂದು ಮರಾಠಿಯಲ್ಲಿ ಪಿಸುಗುಟ್ಟಿದ. ಮನೆಗೆ ಹೋಗಿ ಮಾತಾಡೋಣ ಎಂದ.

"ಕನ್ನಡದಾಗ ಮಾತಾಡು. ಇವರಿಗೂ ತಿಳೀಲಿ," ಎಂದಳು ರಂಜನಾ. "ಈ ಕ್ಲಿಪ್ ಯಾರು ಹಾಕಿದ್ದು?"

"ರಂಜೂ, ಅವರು ಭಾಳ ಗಡಿಬಿಡಿ ಮಾಡಿದ್ರು. ಪಟ್ಟಿ ಎಲ್ಲಾ ಬಿಚ್ಚಿ ಮತ್ತೊಂದು ವೈರ್ ಎಳಿಯಾಕ ಟೈಮ್ ಎಲ್ಲಿತ್ತು?"

"ಯಾರು ಹಾಕಿದ್ದು ಅಂತ ಕೇಳೀನಿ."

"ನಾನು."

"ಸೆನ್ಸರ್ ವೈರ್ ಕಿತ್ತವರು ಯಾರು?"

ಮೇಲೆ ಯಾವುದೋ ಕಾರು ಇಳಿಜಾರಿನಲ್ಲಿ ಬಂದು ತಿರುಗಿ ಹೋಯಿತು.

"ದೀಪ ಹತ್ತೂದು ನಿಂದ್ರಲಿಲ್ಲ," ಎಂದ ಮಾಂತು ಕೊನೆಗೆ. "ನೀ ಒಮ್ಮೆ ಬೆಂಚ್ ಮ್ಯಾಲ ಟೆಸ್ಟ್ ಮಾಡೂವಾಗ ಹಂಗ ಜೋಡಿಸಿದ್ದಿ. ನೋಡಿದ್ದೆ. ಇಷ್ಟು ಆಗ್ತದಂತ ನನಗೇನು ಕನಸು ಬಿದ್ದಿತ್ತೇನು?"

"ಬೆಂಚ್ ಮ್ಯಾಲ ಮನಷ್ಯಾರು ಕುಂತಿರಂಗಿಲ್ಲ ಅಣ್ಣಾ." ಅಳು ಬರುತ್ತದೆ ಎನಿಸಿ, ಅಳಬಾರದೆಂದು ಹಲ್ಲು ಕಚ್ಚಿದಳು. "ಗಾಡಿ ಚಲೋ ಆದಾಗ ನೀ ಮಾಡಿದ್ದು. ಗೋಡೆಗೆ ಬಡದಾಗ ನಾ ಮಾಡಿದ್ದು. ನಿನ್ನೆ ಗಲ್ಲಿ ಮಂದಿ ಕೇಳೂಹಂಗ ಹೇಳಿದ್ಯಲ್ಲ, ಹಂಗ ಈಗ ಇವರಿಗೆ ಹೇಳು. ಏನು ಮಾಡಿದಿ, ಯಾಕ ಮಾಡಿದಿ, ಎಲ್ಲಾ."

ಮಾಂತು ಮಧುಕರ್‌ನತ್ತ ತಿರುಗಿದ. ರಂಜಿನಿ ಒಂದು ಹೆಜ್ಜೆ ಮುಂದೆ ಬಂದು ನಿಂತಳು, ತನಗೆ ಹೇಳಬೇಕೆಂಬಂತೆ. ಅವನು ಅವಳ ಭುಜದ ಪಟ್ಟಿ ನೋಡಿದ, ನೆಲ ನೋಡಿದ, ಆಮೇಲೆ ಹೇಳಿದ. ಫ್ಲಾಪು ಕೂರಿಸಿದ್ದು, ಕ್ಲಿಪ್ಪು ಒತ್ತಿದ್ದು, ದೀಪ ಹತ್ತಿದ್ದು, ಅದನ್ನು ಆರಿಸಿದ್ದು. ತಂಗಿಗೆ ಇದಾವುದೂ ಗೊತ್ತಿರಲಿಲ್ಲ ಎಂದು ಹೇಳುವಾಗ ಮಾತ್ರ ದನಿ ಸಣ್ಣದಾಯಿತು.

"ಕೇಳಸ್ಲಿಲ್ಲ," ಎಂದಳು ರಂಜಿನಿ.

ಅವನು ಮತ್ತೊಮ್ಮೆ ಹೇಳಿದ.

ಮಧುಕರ್ ಜಜ್ಜಿದ ಗಾಡಿಯ ಮೇಲೆ ಕೈ ಇಟ್ಟ. "ನಂದೂ ತಪ್ಪಿದೆ," ಎಂದ. "ಹಾಕ್ಲೇಬೇಕು ಅಂತ ಹಠ ಮಾಡಿದ್ದು ನಾನೇ. ಇದನ್ನ ಸರಿ ಮಾಡೋಕಾಗತ್ತಾ?" ಅಭ್ಯಾಸಬಲದಿಂದ ಅವನು ಕೇಳಿದ್ದು ಮಾಂತುವನ್ನು. ಕೇಳಿದ ಮೇಲೆ ತಾನೇ ನಾಚಿ ರಂಜನಾಳ ಕಡೆ ತಿರುಗಿದ.

"ಆಗ್ತದ. ಮಾಡಾಕ ಮನಸ್ಸಿಲ್ಲ," ಎಂದಳು ಅವಳು. "ನಿಮ್ಮ ಗ್ರೂಪಿನಾಗ ಯಾವದೋ ಹೆಣ್ಮಗಳು ಕೆಡಿಸಿದ್ಲು ಅಂತ ಬರದೀರಿ ಅಲ್ಲ? ಮೊದಲ ಅದನ್ನ ಸರಿ ಮಾಡ್ರಿ. ಆಮ್ಯಾಲ ನೋಡೋಣ."

ಅವನು ಅಲ್ಲೇ ನಿಂತು ಫೋನಿನಲ್ಲಿ ಎಡಗೈಯಿಂದ ನಿಧಾನವಾಗಿ ಬರೆದ. ರಂಜಿನಿ ಓದಿ, ಎರಡು ಕಡೆ ತಿದ್ದಿಸಿ, ಕಳಿಸಲು ಹೇಳಿದಳು. ರಂಜನಾ ಚೀಲ ಕಟ್ಟಿಕೊಂಡಳು. ಮಾಂತು ಬಾಯಿ ತೆರೆಯುವ ಮುಂಚೆ ಸ್ಕೂಟರ್ ಹತ್ತಿ ಹೊರಟಳು.

ಅಂಗಡಿಗೆ ಅವಳು ಹೋಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಅವ್ವ ತಾಟನ್ನು ಅವಳ ಕೋಣೆಗೇ ತಂದಿಟ್ಟಳು. "ನಿಮ್ಮಪ್ಪಗ ನಾ ಹೇಳೀನಿ, ತಪ್ಪು ನಿಂದಲ್ಲ ಅಂತ," ಎಂದಳು ಪಾರವ್ವ. ಅಂಗಡಿಯಲ್ಲಿ ಅರ್ಧ ಬಿಚ್ಚಿದ ವ್ಯಾನು ಹಾಗೆಯೇ ನಿಂತಿತು, ಗಿರಾಕಿಗಳು ಬೈದು ಹೋದರು.

ಗಾಡಿಯ ಮುಂಭಾಗ ರಿಪೇರಿಯಾಗಿ ಬಂದ ಮೇಲೆ ರಂಜಿನಿಯೇ ಫೋನು ಮಾಡಿ ಕರೆದಳು. ರಂಜನಾ ಬಾಣೇರ್‌ನ ಬೇಸ್‌ಮೆಂಟಿನಲ್ಲೇ ಕೂತು ಕೆಲಸ ಶುರು ಮಾಡಿದಳು. ಫ್ಲಾಪು ಕಿತ್ತು ಪಕ್ಕಕ್ಕಿಟ್ಟಳು. ಅದು ಬೇಕೇ ಬೇಕಿತ್ತಲ್ಲ ಎಂದು ಮಧುಕರ್ ಗೊಣಗಿದಾಗ, "ಬೇಕಿದ್ರ ಬ್ಯಾರೆ ಯಾರನ್ನರ ಕರೀರಿ," ಎಂದಳು. ಅವನು ಫ್ಲಾಪನ್ನು ಎತ್ತಿ ಗೋಡೆಗೆ ಒರಗಿಸಿದ.

ಎರಡನೆಯ ದಿನ ಮಧ್ಯಾಹ್ನ ಇಳಿಜಾರಿನಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಹೊಳಬಸಪ್ಪ ಕೋಲೂರಿಕೊಂಡು ಇಳಿದ. ಮೊಣಕಾಲು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದು ಗಾಡಿಯ ಹತ್ತಿರ ನಿಂತ. ಅಲ್ಲಿ ಕುರ್ಚಿ ಇರಲಿಲ್ಲ. ಮಧುಕರ್ ತರಲು ಹೊರಟಾಗ ಬೇಡವೆಂದ.

"ಸಾಹೇಬ್ರ, ನಾ ಹೊಳಬಸಪ್ಪ. ಅಂಗಡಿ ನಂದು. ನಿಮ್ಮ ಗಾಡಿ ಕೆಲಸ ಮೊದಲೂ ಈಕಿನ ಮಾಡಿದ್ಲು, ಈಗೂ ಈಕಿನ ಮಾಡಾಕತ್ತಾಳ. ನಮ್ಮಲ್ಲೆ ಬರೂ ದೊಡ್ಡ ಗಾಡಿ ಎಲ್ಲಾ ಈಕಿ ಮಾಡಿದ್ದಾವ್ರಿ. ಇಷ್ಟು ದಿನ ನಾ ಹೇಳಬೇಕಾಗಿತ್ತು. ಹೇಳಲಿಲ್ಲ."

ರಂಜನಾ ತಲೆ ಎತ್ತಲಿಲ್ಲ. ಸೆನ್ಸರ್ ವೈರಿನ ತುದಿ ಸುಲಿಯುತ್ತಿದ್ದ ಕೈ ಸ್ವಲ್ಪ ಹೊತ್ತು ನಿಂತು ಮತ್ತೆ ಆಡತೊಡಗಿತು. ಕೇಳಬೇಕೆಂದು ವರ್ಷಗಟ್ಟಲೆ ಕಾದಿದ್ದ ಮಾತು ಅದು. ಕೇಳಿದಾಗ ಸಮಾಧಾನವಾಗಲಿಲ್ಲ. ಇದಕ್ಕೆ ಒಬ್ಬಳ ಎಲುಬು ಮುರಿಯಬೇಕಾಯಿತೇ ಎಂದು ಇನ್ನೊಂದು ಸಿಟ್ಟು ಹುಟ್ಟಿತು.

"ಮನೀಗೆ ಹೋಗಪ್ಪಾ, ಕಾಲಿಗೆ ಬಾವು ಬರ್ತದ," ಎಂದಳು ಸ್ವಲ್ಪ ಹೊತ್ತಿನ ಮೇಲೆ. ಅವನು ಹೋಗಲಿಲ್ಲ. ಅವಳು ಬಾಕ್ಸಿನ ಮುಚ್ಚಳ ಹಾಕುವ ತನಕ ಕಂಬಕ್ಕೆ ಒರಗಿ ನಿಂತೇ ಇದ್ದ.

ಮುಂದಿನ ಭಾನುವಾರ ಟ್ರ್ಯಾಕಿನಲ್ಲಿ ರಂಜಿನಿ ಗಾಡಿ ಹತ್ತಲು ಒಪ್ಪಲಿಲ್ಲ. ರಂಜನಾ ಹೆಲ್ಮೆಟ್ ಹಾಕಿಕೊಂಡು ಮಧುಕರ್ ಪಕ್ಕದಲ್ಲಿ ತಾನೇ ಕೂತಳು. ಅಷ್ಟು ವೇಗದಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ. ಬೆನ್ನು ಸೀಟಿಗೆ ಅಂಟಿತು. ತಿರುವು ಬಂದಾಗ ಅವನ ಕಾಲು ಅಳುಕಿತು.

"ಒತ್ರಿ," ಎಂದಳು. "ಜೋರಾಗಿ ಒತ್ರಿ."

ಅವನು ಒತ್ತಿದ. ಹಿಂದೆ ಗಾಳಿಯ ಸದ್ದು ದಪ್ಪವಾಯಿತು. ಕನ್ನಡಿಯಲ್ಲಿ ರೆಕ್ಕೆ ಎರಡೂ ಕಡೆ ಸಮನಾಗಿ ಎದ್ದು ನಿಂತಿತು. ಗಾಡಿ ಗೆರೆ ಹೊಡೆದಂತೆ ನೇರವಾಗಿ ನಿಧಾನವಾಯಿತು.

ಅವಳು ಮತ್ತೆ ಅಂಗಡಿಗೆ ಹೋಗತೊಡಗಿದಳು. ತಾನು ಮಾಡುವ ಗಾಡಿಯ ಗಿರಾಕಿ ತನ್ನ ಕೂಡವೇ ಮಾತಾಡಬೇಕು, ತಾನು ಮುಗಿಯಿತು ಅನ್ನದೆ ಯಾವ ಗಾಡಿಯೂ ಹೊರಗೆ ಹೋಗಕೂಡದು ಎಂದು ಅಪ್ಪನಿಗೂ ಅಣ್ಣನಿಗೂ ಮೊದಲೇ ಹೇಳಿದಳು. ಇಬ್ಬರೂ ಒಪ್ಪಿದರು. ಒಂದಿಬ್ಬರು ಹಳೆಯ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು.

ಮಾಂತು ಈಗ ಯಾವ ವೈರಿಗೆ ಕೈ ಹಚ್ಚುವುದಿದ್ದರೂ ಅವಳನ್ನು ಕೇಳುತ್ತಾನೆ. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಒಂದು ಮಧ್ಯಾಹ್ನ ಚಹಾ ತಂದು ಅವಳ ಪಕ್ಕದಲ್ಲಿಟ್ಟು, "ಇನ್ನೂ ಎಷ್ಟು ದಿನ ಹಿಂಗ, ರಂಜೂ?" ಎಂದ.

"ಗೊತ್ತಿಲ್ಲ," ಎಂದಳು ಅವಳು. "ಇನ್ನೂ ಹೋಗವಲ್ದು ಸಿಟ್ಟು."

ಅವನು ತಲೆಯಾಡಿಸಿ ಎದ್ದುಹೋದ. ಅವಳು ಚಹಾ ಕುಡಿದು, ಲೋಟ ಬದಿಗಿಟ್ಟು, ಕೆಲಸಕ್ಕೆ ಬಾಗಿದಳು.